ಏಳು ಕುದುರೆ, ಹದಿನಾಲ್ಕು ಬಕೆಟ್: ಲಾಯದ ಐದು ತಿಂಗಳ ದಾಖಲೆ

ಫೆಬ್ರವರಿ ಕೊನೆಯ ವಾರ ಈ ಲಾಯಕ್ಕೆ ಬಂದೆ. ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುವ ಕಡೆ ಒಂದು ಅಡಿಕೆ ತೋಟ. ತೋಟದ ಅಂಚಿನಲ್ಲಿ ಹಿಂದೆ ಹಸುಗಳಿದ್ದ ಉದ್ದನೆಯ ಕೊಟ್ಟಿಗೆ. ಅದರಲ್ಲಿ ಏಳು ಕುದುರೆಗಳು: ಮೂರು ಮದುವೆ ಮೆರವಣಿಗೆಗೆ ಹೋಗುವವು, ಎರಡು ಪೇಟೆಯ ಮಕ್ಕಳಿಗೆ ಸವಾರಿ ಕಲಿಸುವವು, ಇಪ್ಪತ್ತೆರಡು ವರ್ಷದ ಮುದುಕ ಬಾದಶಾ, ಮತ್ತೆ ಎರಡು ವರ್ಷದ ಒಂದು ಮರಿ. ಮಾಲೀಕರಿಗೆ ಕುದುರೆಯೆಂದರೆ ಪ್ರಾಣ, ಆದರೆ ಪುರಸೊತ್ತಿಲ್ಲ. ನನಗೆ ಬೆಂಗಳೂರಿನ ಸವಾರಿ ಶಾಲೆಯೊಂದರಲ್ಲಿ ಕುದುರೆ ತಿಕ್ಕಿ, ಲದ್ದಿ ಬಾಚಿ ಕಲಿತ ನಾಲ್ಕು ವರ್ಷದ ಅನುಭವವಿತ್ತು. “ಈ ಕೊಟ್ಟಿಗೆಯನ್ನು ಲಾಯ ಮಾಡಿಕೊಡು” ಎಂದರು. ಆ ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ಬರೆದಿಡುತ್ತಿದ್ದೇನೆ.

ಮಾರ್ಚ್

ಹಸುವನ್ನು ಕೊರಳಿಗೆ ಹಗ್ಗ ಹಾಕಿ ಸಾಲಿನಲ್ಲಿ ಕಟ್ಟಿದರೆ ಅಲ್ಲೇ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಅಷ್ಟು ಜಾಗ ಸಾಲದು. ಅದು ನಿಂತೇ ತೂಕಡಿಸುವ ಪ್ರಾಣಿ ಎನ್ನುವುದು ನಿಜ, ಕಾಲಿನ ಕೀಲುಗಳು ಬಿಗಿದುಕೊಂಡು ಬೀಳದಂತೆ ಹಿಡಿದಿರುತ್ತವೆ. ಆದರೆ ಗಾಢ ನಿದ್ದೆ ಬೇಕೆಂದರೆ ಮಲಗಲೇಬೇಕು. ಬಾದಶಾನ ಮುಂಗಾಲಿನ ಗೆಣ್ಣುಗಳ ಮುಂಭಾಗದಲ್ಲಿ ಕೂದಲು ಉದುರಿ, ಚರ್ಮ ದಪ್ಪವಾಗಿ, ಹಳೆಯ ಗಾಯದ ಕಲೆ ಇತ್ತು. ಎಲ್ಲೋ ಎಡವಿರಬೇಕು ಎಂದು ಎಲ್ಲರೂ ತಿಳಿದಿದ್ದರು. ಎರಡು ರಾತ್ರಿ ಲಾಯದಲ್ಲೇ ಮಂಚ ಹಾಕಿಕೊಂಡು ನೋಡಿದೆ. ಮೂರು ಗಂಟೆಯ ಸುಮಾರಿಗೆ ಅವನ ತಲೆ ಇಳಿಯುತ್ತಾ ಬಂತು, ಮೊಣಕಾಲು ಸಡಿಲವಾಯಿತು, ಗೆಣ್ಣು ಸಿಮೆಂಟಿಗೆ ಬಡಿಯಿತು, ಬೆಚ್ಚಿ ಎದ್ದು ನಿಂತ. ಒಂದೇ ರಾತ್ರಿ ನಾಲ್ಕು ಸಲ. ಮಲಗಲು ಜಾಗವಿಲ್ಲದೆ ಆ ಮುದಿ ಪ್ರಾಣಿ ಎಷ್ಟು ತಿಂಗಳಿಂದ ನಿದ್ದೆಗೆಟ್ಟಿತ್ತೋ.

ಸಾಲುಕಂಬಗಳನ್ನು ಕಿತ್ತು, ಹನ್ನೆರಡು ಅಡಿಗೆ ಹನ್ನೆರಡು ಅಡಿಯ ಏಳು ಮನೆಗಳನ್ನು ಮಾಡಿದೆವು. ನಡುವಿನ ಗೋಡೆಗಳನ್ನು ಎದೆಯೆತ್ತರಕ್ಕೆ ನಿಲ್ಲಿಸಿದೆವು, ಏಕೆಂದರೆ ಕುದುರೆಗೆ ಪಕ್ಕದ ಕುದುರೆ ಕಾಣುತ್ತಿರಬೇಕು, ಒಂಟಿಯಾದರೆ ಅದು ಕಂಗಾಲಾಗುತ್ತದೆ. ಸಿಮೆಂಟಿನ ಮೇಲೆ ರಬ್ಬರ್ ಹಾಸು, ಅದರ ಮೇಲೆ ಗೇಣು ದಪ್ಪ ಮರದ ಹೆರೆ. ಚಳ್ಳಕೆರೆಯ ಎಣ್ಣೆ ಗಾಣಗಳ ಕಡೆಯಿಂದ ಶೇಂಗಾ ಸಿಪ್ಪೆ ಅಗ್ಗಕ್ಕೆ ಸಿಗುತ್ತಿತ್ತು, ತರಿಸಿಯೂ ನೋಡಿದೆ. ಎರಡೇ ವಾರದಲ್ಲಿ ಚೀಲದ ಬುಡಕ್ಕೆ ಬೂಸ್ಟು ಹಿಡಿಯಿತು, ಬಿಟ್ಟುಬಿಟ್ಟೆ.

ಹೊಸ ಹಾಸಿನ ನಾಲ್ಕನೆಯ ರಾತ್ರಿ ಬಾದಶಾ ಮಲಗಿದ. ಪಕ್ಕಕ್ಕೆ ಪೂರ್ತಿ ಚಾಚಿಕೊಂಡು, ಕೆಳತುಟಿ ಜೋತುಬಿದ್ದು, ಕನಸಿನಲ್ಲಿ ಎಲ್ಲೋ ಓಡುತ್ತಿರುವಂತೆ ಹಿಂಗಾಲುಗಳು ಅಲುಗುತ್ತಿದ್ದವು. ನಾನು ಟಾರ್ಚ್ ಆರಿಸಿ ಹೊರಗೆ ಬಂದು ಕುಳಿತೆ. ಆ ರಾತ್ರಿ ನನಗೇ ನಿದ್ದೆ ಬರಲಿಲ್ಲ, ಅಷ್ಟು ಸಂತೋಷವಾಗಿತ್ತು.

ಇನ್ನೊಂದು ಅಭ್ಯಾಸ ಆಗ ಶುರುವಾಯಿತು. ಮಲಗಿದ ಕುದುರೆಯ ಮೂಗು ನೆಲದಿಂದ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟು ತಗ್ಗಿ ಕುಳಿತು ಉಸಿರೆಳೆದು ನೋಡುತ್ತೇನೆ. ನಿಂತಾಗ ಏನೂ ವಾಸನೆ ಇಲ್ಲದ ಮನೆಯಲ್ಲಿ ಕುಳಿತಾಗ ಕಣ್ಣು ಉರಿಯುತ್ತದೆ. ಮೂತ್ರದಿಂದ ಏಳುವ ಅಮೋನಿಯ ಅದು, ಕುದುರೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ನೆನೆದ ಹೆರೆಯನ್ನು ಈಗ ದಿನಕ್ಕೆ ಎರಡು ಸಲ ತೆಗೆಯುತ್ತೇವೆ.

ಮೇವಿನ ಪದ್ಧತಿ ಬದಲಿಸುವುದಕ್ಕೆ ಇದಕ್ಕಿಂತ ಹೆಚ್ಚು ಮಾತು ಬೇಕಾಯಿತು. ಇಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೆಕ್ಕೆಜೋಳ, ಹುರುಳಿ, ಬೂಸಾ ಸುರಿಯುತ್ತಿದ್ದರು. ನಡುವೆ ಹೊತ್ತುಗಟ್ಟಲೆ ಗೋದಲಿ ಖಾಲಿ. ಕುದುರೆಯ ಜಠರ ಅದರ ಗಾತ್ರಕ್ಕೆ ಬಹಳ ಚಿಕ್ಕದು, ಹೆಚ್ಚೆಂದರೆ ಹದಿನೈದು ಲೀಟರ್ ಹಿಡಿದೀತು. ಅದರಲ್ಲಿ ಆಮ್ಲ ಹಗಲೂ ರಾತ್ರಿ ಊರುತ್ತಲೇ ಇರುತ್ತದೆ, ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ಖಾಲಿ ಬಿಟ್ಟರೆ ಹುಣ್ಣು. ನಾನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟು ಕಿಲೋದಷ್ಟು ಒಣ ಮೇವು ಬೇಕು, ಅದೂ ದಿನವಿಡೀ ಸಿಗುತ್ತಿರಬೇಕು. ಬೂಸಾ ಬಗ್ಗೆ ನಮ್ಮ ಕಡೆ ಇರುವ ನಂಬಿಕೆಯನ್ನು ಅಲುಗಿಸುವುದು ಇನ್ನೂ ಕಷ್ಟ. ಬೂಸಾ ತಿಂದರೆ ಮೈ ತುಂಬುತ್ತದೆ ಎನ್ನುತ್ತಾರೆ. ಆದರೆ ಅದರಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಬೂಸಾ ಮತ್ತು ತೌಡಿನ ಮೇಲೆಯೇ ಬೆಳೆಸಿದ ಕುದುರೆ ಕ್ಯಾಲ್ಸಿಯಂ ಸಾಲದೆ ತನ್ನ ಎಲುಬಿನಿಂದಲೇ ಅದನ್ನು ಕರಗಿಸಿಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ. ಎರಡು ವರ್ಷದ ಮರಿ ಮಲ್ಲಿಯ ಎಲುಬು ಇನ್ನೂ ಬೆಳೆಯುತ್ತಿದೆ. ಅವಳ ಬೂಸಾ ನಿಲ್ಲಿಸಿ ಕುದುರೆಮಸಾಲೆ ಎಂಬ ಮೇವಿನ ಸೊಪ್ಪು ಕೊಡುತ್ತಿದ್ದೇನೆ. ಅರ್ಧ ಎಕರೆಯಲ್ಲಿ ಅದನ್ನೇ ಹಾಕಿದ್ದೇವೆ.

ಅಶ್ವಿನಿ ಮಳೆ

ಏಪ್ರಿಲ್ ನಡುವೆ ಅಶ್ವಿನಿ ಮಳೆ ಹುಟ್ಟಿತು, ಹನಿ ಮಾತ್ರ ಬೀಳಲಿಲ್ಲ. ಮಧ್ಯಾಹ್ನ ಶೀಟಿನ ಕೆಳಗೆ ನಿಂತರೆ ತಲೆ ಸುಡುತ್ತಿತ್ತು. ಕರಡದ ಒಣಹುಲ್ಲು ಮುಗಿದಿದ್ದರಿಂದ ದಾವಣಗೆರೆ ಕಡೆಯ ನಾಲೆ ಬಯಲಿನಿಂದ ಒಂದು ಲೋಡ್ ಭತ್ತದ ಹುಲ್ಲು ತರಿಸಿ, ಮರುದಿನವೇ ಎಲ್ಲರಿಗೂ ಹಾಕಿದೆ. ಅದು ನನ್ನ ತಪ್ಪು. ಕುದುರೆಯ ಮೇವನ್ನು ಹತ್ತು ದಿನ ಹಿಡಿದು ಸ್ವಲ್ಪಸ್ವಲ್ಪವೇ ಬದಲಿಸಬೇಕು, ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಬೇಕು. ಇದು ನನಗೆ ಗೊತ್ತಿದ್ದ ವಿಷಯ.

ಮೂರನೆಯ ರಾತ್ರಿ ಹತ್ತೂವರೆಗೆ ಚಂದ್ರಿ ನೆಲ ಕೆರೆಯುತ್ತಿದ್ದಳು. ಬೂದುಬಣ್ಣದ ಹೆಣ್ಣು, ಮಾರವಾಡಿ ತಳಿಯ ರಕ್ತ ಇದೆ, ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿವೆ. ಎಂದೂ ಗಲಾಟೆ ಮಾಡದವಳು. ಬಲಮುಂಗಾಲಿನಿಂದ ಕೆರೆದು, ತಿರುಗಿ ತನ್ನ ಹೊಟ್ಟೆಯ ಕಡೆ ನೋಡಿ, ಮೇಲ್ತುಟಿ ಸುರುಳಿಸಿ, ಮತ್ತೆ ಕೆರೆಯುತ್ತಿದ್ದಳು. ಶೂಲೆ. ಮನೆಯಲ್ಲಿ ಸಂಜೆಯಿಂದ ಹೊಸ ಲದ್ದಿ ಬಿದ್ದಿರಲಿಲ್ಲ. ಒಸಡು ಒತ್ತಿ ನೋಡಿದೆ, ಅಂಟಂಟಾಗಿತ್ತು. ದವಡೆಯ ಕೆಳಗಿನ ನಾಡಿ ಹಿಡಿದು ಎಣಿಸಿದೆ: ನಿಮಿಷಕ್ಕೆ ಐವತ್ತಾರು. ವಿಶ್ರಾಂತಿಯಲ್ಲಿರುವ ಕುದುರೆಗೆ ಅದು ನಲವತ್ತನಾಲ್ಕು ದಾಟಬಾರದು. ಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟೆ. ಆರೋಗ್ಯವಂತ ಕುದುರೆಯ ಹೊಟ್ಟೆಯಲ್ಲಿ ದೂರದ ಗುಡುಗಿನಂತೆ ಸದ್ದು ಇದ್ದೇ ಇರುತ್ತದೆ. ಎಡಗಡೆ ಏನೂ ಕೇಳಿಸಲಿಲ್ಲ. ಆ ನಿಶ್ಶಬ್ದದಷ್ಟು ನನ್ನನ್ನು ಹೆದರಿಸಿದ್ದು ಬೇರೆ ಯಾವುದೂ ಇಲ್ಲ.

ಗೋದಲಿ ಖಾಲಿ ಮಾಡಿ, ಪಶುವೈದ್ಯರಿಗೆ ಫೋನ್ ಮಾಡಿ, ಅವಳನ್ನು ಅಂಗಳದಲ್ಲಿ ನಿಧಾನವಾಗಿ ನಡೆಸಿದೆ. ಹೊರಳಾಡಲು ನೋಡಿದಾಗಲೆಲ್ಲ ಎಬ್ಬಿಸಿದೆ. ವೈದ್ಯರು ಬಂದಾಗ ಹನ್ನೆರಡೂಕಾಲು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಜಠರ ಉಬ್ಬಿದರೆ ಒಡೆದೇ ಹೋಗಬಹುದು. ಅದಕ್ಕೇ ಮೊದಲು ಮೂಗಿನ ಮೂಲಕ ನಳಿಕೆ ಇಳಿಸಿ ಜಠರ ತುಂಬಿಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ ಅದೇ ನಳಿಕೆಯಲ್ಲಿ ಉಪ್ಪುನೀರು ಮತ್ತು ಲಿಕ್ವಿಡ್ ಪ್ಯಾರಾಫಿನ್, ರಕ್ತನಾಳಕ್ಕೆ ನೋವಿನ ಚುಚ್ಚುಮದ್ದು. “ಕರುಳಿನಲ್ಲಿ ಹುಲ್ಲು ಗಟ್ಟಿಯಾಗಿ ನಿಂತಿದೆ. ಇವತ್ತು ಎಷ್ಟು ನೀರು ಕುಡಿದಳು?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಲಾಯದ ಹೊರಗೆ ಎಲ್ಲಕ್ಕೂ ಸೇರಿ ಒಂದೇ ತೊಟ್ಟಿ. ಬಿಸಿಲಿಗೆ ಕಾದು, ಪಾಚಿ ಕಟ್ಟಿ, ಮಧ್ಯಾಹ್ನಕ್ಕೆ ಸ್ನಾನದ ನೀರಿನಂತೆ ಆಗುತ್ತಿತ್ತು. ಅವಳು ಮೂತಿ ಇಟ್ಟಿದ್ದಳೋ, ಕುಡಿದಿದ್ದಳೋ, ಯಾರಿಗೂ ಗೊತ್ತಿರಲಿಲ್ಲ.

ಬೆಳಗಿನ ಜಾವ ನಾಲ್ಕೂವರೆ ದಾಟಿತ್ತು. ಚಂದ್ರಿ ಬಾಲ ಎತ್ತಿದಳು. ಐದು ಉಂಡೆ ಲದ್ದಿ, ಒಣಗಿ ಕಪ್ಪಾಗಿದ್ದವು, ಮೇಲೆ ಲೋಳೆ ಮೆತ್ತಿತ್ತು. ನಾನು ಅವನ್ನು ಕೈಯಲ್ಲಿ ಎತ್ತಿಕೊಂಡು, ಒಡೆದು ನೋಡಿ, ಅವಳ ಕುತ್ತಿಗೆಗೆ ಹಣೆ ಇಟ್ಟು ನಿಂತುಬಿಟ್ಟೆ. ಎಂಟು ಗಂಟೆಗೆ ನಾಡಿ ನಲವತ್ತಕ್ಕೆ ಇಳಿದಿತ್ತು.

ಬಕೆಟ್ಟುಗಳು

ಮಾಲೀಕರ ಸ್ನೇಹಿತರೊಬ್ಬರು ತಾನಾಗಿ ತುಂಬುವ ನೀರಿನ ಬಟ್ಟಲುಗಳನ್ನು ಹಾಕಿಸಿ, ಕೆಲಸ ಉಳಿಯುತ್ತದೆ ಎಂದರು. ನಾನು ಬೇಡವೆಂದೆ. ಬಟ್ಟಲು ತುಂಬುತ್ತಲೇ ಇರುತ್ತದೆ, ಕುದುರೆ ಕುಡಿಯುವುದು ನಿಲ್ಲಿಸಿದರೂ ನಮಗೆ ತಿಳಿಯುವುದಿಲ್ಲ. ಮನೆಗೆ ಎರಡರಂತೆ ಹದಿನಾಲ್ಕು ಬಕೆಟ್ ತಂದೆವು, ಒಂದೊಂದು ಇಪ್ಪತ್ತು ಲೀಟರಿನದು. ಒಳಮೈಯಲ್ಲಿ ಐದು ಲೀಟರಿಗೊಂದು ಗೆರೆ ಎಳೆದೆ. ಬೆಳಿಗ್ಗೆ ಐದು, ಹನ್ನೊಂದು, ನಾಲ್ಕು, ರಾತ್ರಿ ಒಂಬತ್ತು: ಪ್ರತಿ ಸಲ ಎಷ್ಟು ಉಳಿದಿದೆ ಎಂದು ನೋಡಿ, ಬರೆದು, ತೊಳೆದು, ತುಂಬುವುದು. ಅದರ ಪಕ್ಕದ ಕಾಲಂನಲ್ಲಿ ಲದ್ದಿ ಎಷ್ಟು ಸಲ, ಉಂಡೆ ಹೇಗಿದೆ.

ಕೆಲಸದ ಹುಡುಗರಿಗೆ ಮೊದಲ ವಾರ ಬೇಸರ. ಎರಡನೆಯ ವಾರ ಅವರೇ ಬಂದು ಹೇಳತೊಡಗಿದರು: ಬಿಜಲಿ ರಾತ್ರಿಯೇ ಹೆಚ್ಚು ಕುಡಿಯುತ್ತದೆ, ಕರಿಯ ಕುಡಿಯುವುದು ಹುಲ್ಲು ತಿಂದ ಮೇಲೆ ಮಾತ್ರ, ತುಂಗಾ ಬಕೆಟ್ ಹೊಸದಾಗಿ ತೊಳೆಯದಿದ್ದರೆ ಮೂತಿಯನ್ನೇ ಇಡುವುದಿಲ್ಲ. ಕುಡಿಯುವುದರಲ್ಲಿ ಒಂದರಂತೆ ಇನ್ನೊಂದಿಲ್ಲ. ಚಂದ್ರಿಯ ನಿತ್ಯದ ಅಳತೆ ಮೂವತ್ತೈದು ಲೀಟರ್ ಆಸುಪಾಸು ಎಂದು ಈಗ ಗೊತ್ತು. ಇಪ್ಪತ್ತೈದಕ್ಕೆ ಇಳಿದ ದಿನ ಮೇವನ್ನು ನೆನೆಸಿ ಕೊಡುತ್ತೇವೆ, ಚಿಟಿಕೆಯಲ್ಲ, ಹಿಡಿ ಉಪ್ಪು ಹಾಕುತ್ತೇವೆ.

ಮೇ ತಿಂಗಳು ಮದುವೆಗಳ ಗದ್ದಲ. ಮೆರವಣಿಗೆಗೆ ನಾನು ಇಟ್ಟ ನಿಯಮ ಎರಡೇ: ಒಂದು ಕುದುರೆಗೆ ದಿನಕ್ಕೆ ಒಂದೇ ಮೆರವಣಿಗೆ, ಹನ್ನೊಂದರಿಂದ ನಾಲ್ಕರವರೆಗೆ ಡಾಂಬರು ರಸ್ತೆಗೆ ಇಳಿಸುವಂತಿಲ್ಲ. ನಾಲ್ಕು ಬುಕಿಂಗ್ ಕೈತಪ್ಪಿದವು. ಮಾಲೀಕರು ಒಂದು ಮಾತೂ ಆಡಲಿಲ್ಲ, ಅವರ ಮೇಲಿನ ಗೌರವ ಆ ತಿಂಗಳು ಹೆಚ್ಚಾಯಿತು.

ಮೆಕ್ಕೆಜೋಳದ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದಾವಣಗೆರೆ ಸೀಮೆಯಲ್ಲಿ ಅದು ಎಲ್ಲೆಲ್ಲೂ ಸಿಗುತ್ತದೆ, ಎಲ್ಲರೂ ಹಾಕುತ್ತಾರೆ. ವ್ಯಾಪಾರಿಯೊಬ್ಬರು ಕಡಿಮೆ ಬೆಲೆಗೆ ಹತ್ತು ಚೀಲ ಕಳಿಸಿದ್ದರು. ನಾಲ್ಕನೆಯ ಚೀಲ ಬಿಚ್ಚಿದಾಗ ಕಾಳುಗಳ ಮೇಲೆ ನಸುಗುಲಾಬಿ ಬಣ್ಣದ ಬೂಸ್ಟು, ಮುಗ್ಗಲು ವಾಸನೆ. “ನಮ್ಮ ಎತ್ತು ಇದನ್ನೇ ತಿಂದಿವೆ, ಏನೂ ಆಗಿಲ್ಲ” ಎಂದರು. ಅವರು ಹೇಳಿದ್ದು ಸುಳ್ಳಲ್ಲ, ದನಗಳು ಅದನ್ನು ಎಷ್ಟೋ ತಡೆದುಕೊಳ್ಳುತ್ತವೆ. ಆದರೆ ಮೆಕ್ಕೆಜೋಳದಲ್ಲಿ ಬೆಳೆಯುವ ಫ್ಯುಸೇರಿಯಂ ಬೂಸ್ಟು ಫ್ಯುಮೊನಿಸಿನ್ ಎಂಬ ವಿಷ ಮಾಡುತ್ತದೆ, ಅದು ಕುದುರೆಯ ಮಿದುಳಿನ ಬಿಳಿಭಾಗವನ್ನು ಕರಗಿಸುತ್ತದೆ. ಕುದುರೆ ದಿಕ್ಕು ತಪ್ಪಿದಂತೆ ಸುತ್ತುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸಾಯುತ್ತದೆ. ಅದಕ್ಕೆ ಔಷಧಿಯಿಲ್ಲ. ಕೆಟ್ಟ ಕಾಳನ್ನು ಆರಿಸಿ ತೆಗೆದರೂ, ಒಣಗಿಸಿದರೂ ವಿಷ ಹೋದೀತೆಂದು ನಂಬುವಂತಿಲ್ಲ. ಹತ್ತೂ ಚೀಲ ವಾಪಸ್ ಕಳಿಸಿದೆ, ಹಣ ಬಾರದಿದ್ದರೂ. ಈಗ ನಮ್ಮ ಲಾಯದಲ್ಲಿ ಮೆಕ್ಕೆಜೋಳವೇ ಇಲ್ಲ, ಬೇಯಿಸಿದ ಹುರುಳಿ ಮತ್ತು ಓಟ್ಸ್, ಅದೂ ದುಡಿಯುವ ಕುದುರೆಗಳಿಗೆ ಮಾತ್ರ. ತೋಟದ ಕೋಳಿಗಳ ಆಹಾರವನ್ನೂ ಬೇರೆ ಕೋಣೆಗೆ ಸಾಗಿಸಿ ಬೀಗ ಹಾಕಿದ್ದೇನೆ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಒಳ್ಳೆಯದು, ಕುದುರೆಗೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಹೃದಯಕ್ಕೆ ಕುತ್ತು.

ಮೃಗಶಿರಾ, ಆರಿದ್ರಾ

ಮಳೆ ಬಂತು, ಕೆಸರು ಬಂತು, ನೊಣ ಬಂತು. ಕೊಟ್ಟಿಗೆಯ ಹಿಂದೆ ನೀರು ನಿಲ್ಲುತ್ತಿದ್ದ ಕಡೆ ಕಾಲುವೆ ತೋಡಿ ಜಲ್ಲಿ ತುಂಬಿದೆವು. ಅಷ್ಟರೊಳಗೆ ಕರಿಯನ ಹಿಂಗೊರಸುಗಳಲ್ಲಿ ಕೊಳೆ ಶುರುವಾಗಿತ್ತು. ಗೊರಸಿನ ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸೀಳಿನಲ್ಲಿ ಕಪ್ಪು ಕಸರು, ಮೂಗಿಗೆ ಬಡಿಯುವ ನಾತ. ದಿನಕ್ಕೆ ಎರಡು ಸಲ ಕೆರೆದು, ಒಣಗಿಸಿ, ಅಯೋಡಿನ್ ಹತ್ತಿ ಇಟ್ಟು ಮೂರು ವಾರಕ್ಕೆ ಹತೋಟಿಗೆ ಬಂತು.

ಕಚ್ಚುವ ದೊಡ್ಡ ನೊಣಗಳು ಸರ್ರಾ ರೋಗ ಹರಡುತ್ತವೆ, ರಕ್ತದಲ್ಲಿ ಸೂಕ್ಷ್ಮ ಪರಾವಲಂಬಿ ಸೇರಿಕೊಂಡು ಬರುವ ಜ್ವರ ಅದು. ಆ ಜ್ವರ ಒಂದು ದಿನ ಬಂದು ಇನ್ನೊಂದು ದಿನ ಇಲ್ಲದಂತಿರುತ್ತದೆ, ಆಗೊಮ್ಮೆ ಈಗೊಮ್ಮೆ ನೋಡಿದರೆ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಪುಸ್ತಕಕ್ಕೆ ಮೂರನೆಯ ಕಾಲಂ ಸೇರಿತು: ಬೆಳಗಿನ ಮೈಬಿಸಿ. 38.3 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಂಜೆ ಮತ್ತೆ ನೋಡಬೇಕು, ಇಳಿಯದಿದ್ದರೆ ವೈದ್ಯರಿಗೆ ಫೋನ್. ಜೂನ್‌ನಲ್ಲಿ ಎರಡು ಸಲ ಫೋನ್ ಮಾಡಿದೆ, ಎರಡು ಸಲವೂ ರಕ್ತದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಲದ್ದಿಯ ಗುಂಡಿ ತುಂಬಿದೆ. ಹೆರೆ ಬೆರೆತಿರುವುದರಿಂದ ಕೊಳೆಯಲು ಹೊತ್ತು ಹಿಡಿಯುತ್ತದೆ, ದೀಪಾವಳಿ ಹೊತ್ತಿಗೆ ಅಡಿಕೆ ಬುಡಕ್ಕೆ ಹಾಕಬಹುದು. ಮೇಲ್ಛಾವಣಿಯ ಕೆಲಸಕ್ಕೆ ಇನ್ನೂ ಕೈ ಹಾಕಿಲ್ಲ. ಮುಂದಿನ ಬೇಸಿಗೆಗೆ ಮುಂಚೆ ಶೀಟನ್ನು ನಾಲ್ಕು ಅಡಿ ಎತ್ತರಿಸಿ ಬೆನ್ನೇಣಿನಲ್ಲಿ ಗಾಳಿಕಿಂಡಿ ಬಿಡಿಸಬೇಕು. ಲಾಳ ಕಟ್ಟುವವರು ಏಳು ವಾರಕ್ಕೊಮ್ಮೆ ಬರುತ್ತಾರೆ, ನಾಳೆ ಬರುವ ದಿನ. ಬಾದಶಾನ ಲಾಳ ತೆಗೆದು ಬರಿಗಾಲಿನಲ್ಲಿ ಬಿಡುವುದೆಂದು ಮಾತಾಗಿದೆ. ಅವನ ಗೆಣ್ಣಿನ ಕಲೆಯ ಮೇಲೆ ಹೊಸ ಕೂದಲು ಬಂದಿದೆ, ಸುತ್ತಲಿನದಕ್ಕಿಂತ ಸ್ವಲ್ಪ ಬೆಳ್ಳಗೆ.

ಇಂದಿನ ಪುಟ: ಚಂದ್ರಿ, ನೀರು ಮೂವತ್ತಾರು ಲೀಟರ್, ಲದ್ದಿ ಒಂಬತ್ತು ಸಲ, 37.8. ರಾತ್ರಿ ಒಂಬತ್ತರ ಬಕೆಟ್ ಇಡುವಾಗ ಮೂತಿ ಅದ್ದಿ, ಒದ್ದೆ ತುಟಿಯನ್ನು ನನ್ನ ಭುಜಕ್ಕೆ ಒರೆಸಿದಳು.