ಪಂಡೋರಾಗೆ ಹೋಗಿ ಬಂದ ಬ್ಯಾಗು

ಪ್ರವಾಸಕ್ಕೆ ಹೊರಟರೆ ಲಗೇಜು ಕಮ್ಮಿ ಇರಬೇಕು ಅಂತ ನಮ್ಮಪ್ಪ ಹೇಳುತ್ತಲೇ ಇರುತ್ತಾರೆ. ಪಂಡೋರಾಗೆ ಹೊರಟಾಗ ಆ ಮಾತು ತಾನಾಗಿಯೇ ನಡೆಯಿತು. ಬ್ಯಾಗಿನಲ್ಲಿ ಇದ್ದದ್ದೇ 12 ಖಾನೆ. ಗನ್ನು, ಶೀಲ್ಡು, ಗ್ರೆನೇಡು ಏನೇ ಎತ್ತಿಕೊಳ್ಳಿ, ಒಂದಕ್ಕೆ ಒಂದು ಖಾನೆ. ಆ ಗ್ರಹ ಹೇಗಿದೆ ಅಂದರೆ, ಅಂಚೆ ಡಬ್ಬಿ ತೆಗೆದರೆ ದುಡ್ಡು, ವಾಷಿಂಗ್ ಮೆಷಿನ್ ತೆಗೆದರೆ ಗುಂಡು. ಸ್ಕ್ಯಾಗ್ ಅನ್ನೋ ನಾಯಿಯಂಥ ಪ್ರಾಣಿಯ ಸಗಣಿ ಗುಡ್ಡೆಯನ್ನೂ ಬಿಡದೆ ಕೆದಕಬೇಕು, ಅದರಲ್ಲೂ ಏನಾದರೂ ಇರುತ್ತದೆ. ಇಂಥ ಕಡೆ 12 ಖಾನೆಯ ಬ್ಯಾಗು ಯಾವ ಮೂಲೆಗೆ?

ಇದು ಬಾರ್ಡರ್‌ಲ್ಯಾಂಡ್ಸ್ 2 ಅನ್ನೋ ವಿಡಿಯೋ ಗೇಮಿನೊಳಗಿನ ಪ್ರವಾಸ. ಅಮೆರಿಕದ ಟೆಕ್ಸಸ್‌ನ ಗೇರ್‌ಬಾಕ್ಸ್ ಕಂಪನಿ ಮಾಡಿದ್ದು, ಬಂದಿದ್ದು 2012ರ ಸೆಪ್ಟೆಂಬರಿನಲ್ಲಿ. ನಾವು ಹೋಗಿದ್ದು ಎಂಟು ವರ್ಷ ತಡವಾಗಿ, 2020ರ ಲಾಕ್‌ಡೌನಿನಲ್ಲಿ. ಮೇ ಕೊನೆಗೆ ಎಪಿಕ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯವರು ಒಂದು ವಾರ ಪುಕ್ಕಟೆ ಕೊಟ್ಟರು. ಹಾಸನದಲ್ಲಿರುವ ಚಿಕ್ಕಮ್ಮನ ಮಗ ಫೋನ್ ಮಾಡಿ, "ಅಣ್ಣ, ಸುಮ್ನೆ ಇಳಿಸ್ಕೊ, ರಾತ್ರಿ ಹೋಗೋಣ" ಅಂದ. ಬೆಂಗಳೂರಿನಿಂದ ಹಾಸನಕ್ಕೇ ಹೋಗುವ ಹಾಗಿರಲಿಲ್ಲ. ಪಂಡೋರಾ ಆದರೂ ಆಗಲಿ ಅಂದುಕೊಂಡೆ.

ಶುರುವಾಗುವುದು ರೈಲಿನಲ್ಲಿ. ನಾವು ನಿಧಿ ಹುಡುಕುವವರು, ನಮ್ಮನ್ನು ಕರೆಸಿಕೊಂಡ ಪುಣ್ಯಾತ್ಮನೇ ಆ ರೈಲನ್ನು ಸಿಡಿಸಿಬಿಡುತ್ತಾನೆ. ಅವನ ಹೆಸರು ಹ್ಯಾಂಡ್ಸಮ್ ಜ್ಯಾಕ್, ಹೈಪೀರಿಯನ್ ಕಂಪನಿಯ ಯಜಮಾನ. ಕಣ್ಣು ಬಿಟ್ಟಾಗ ಸುತ್ತ ಹಿಮ. ಒಂಟಿ ಗಾಲಿಯ ರೋಬೋಟ್ ಕ್ಲ್ಯಾಪ್‌ಟ್ರ್ಯಾಪ್ ಒಂದೇ ಸಮನೆ ಮಾತಾಡುತ್ತಿರುತ್ತದೆ. ಅದರ ಒಂದೇ ಒಂದು ಕಣ್ಣನ್ನು ನಾಲ್ಕು ತೋಳಿನ ದೈತ್ಯ ಕೋತಿಯೊಂದು ಕಿತ್ತುಕೊಂಡು ಓಡುತ್ತದೆ. ಅದನ್ನು ವಾಪಸ್ ತರುವುದೇ ನಮ್ಮ ಮೊದಲ ಕೆಲಸ. ನಾನು ಮಾಯಾ ಆಗಿದ್ದೆ, ಶತ್ರುವನ್ನು ಗುಳ್ಳೆಯೊಳಗೆ ಹಿಡಿದು ಗಾಳಿಯಲ್ಲಿ ತೂಗುಹಾಕುವವಳು. ತಮ್ಮ ಸಾಲ್ವಡಾರ್ ಆಗಿದ್ದ, ಎರಡು ಕೈಯಲ್ಲಿ ಎರಡು ಗನ್ನು ಹಿಡಿಯುವ ಕುಳ್ಳ. ಸ್ವಭಾವಕ್ಕೆ ತಕ್ಕ ಆಯ್ಕೆ. ಅವನು ಚಿಕ್ಕಂದಿನಿಂದಲೂ ಎರಡು ಕೈಯಲ್ಲೂ ಬಾಚಿಕೊಳ್ಳುವವನೇ.

ಅಲ್ಲಿಂದ ಜಗಳ ಶುರು. ಈ ಗೇಮಿನಲ್ಲಿ ಬಿದ್ದ ಸಾಮಾನು ಇಬ್ಬರಿಗೂ ಒಂದೇ. ಮೊದಲು ಯಾರು ಎತ್ತಿಕೊಂಡರೋ ಅವರದ್ದು. ಬಣ್ಣ ನೋಡಿದರೆ ಯೋಗ್ಯತೆ ಗೊತ್ತಾಗುತ್ತದೆ. ಬಿಳಿ ಅಂದರೆ ಸಾಮಾನ್ಯ, ಆಮೇಲೆ ಹಸಿರು, ನೀಲಿ, ನೇರಳೆ, ಅದರ ಮೇಲೆ ಕಿತ್ತಳೆ. ಸತ್ತವನ ಮೈಯಿಂದ ಗನ್ನುಗಳು ಬುಗ್ಗೆಯ ಹಾಗೆ ಚಿಮ್ಮಿ ಬೀಳುತ್ತವೆ, ಪ್ರತಿಯೊಂದರ ಮೇಲೂ ಅದರ ಬಣ್ಣದ ಬೆಳಕಿನ ಕಂಬ. ದೂರದಲ್ಲಿ ಕಿತ್ತಳೆ ಕಂಬ ಕಂಡರೆ ತಮ್ಮನಿಗೆ ಅಣ್ಣ ಅನ್ನುವುದೆಲ್ಲ ಮರೆತುಹೋಗುತ್ತಿತ್ತು. ಒಂದು ಸಲ ನಾನು ಗುಂಡು ತಿಂದು ನೆಲಕ್ಕೆ ಬಿದ್ದಿದ್ದೆ. ಆಗ ಕೆಲವು ಸೆಕೆಂಡು ಮಾತ್ರ ಜೀವ ಇರುತ್ತದೆ. ಬಿದ್ದಲ್ಲಿಂದಲೇ ಯಾರನ್ನಾದರೂ ಕೊಂದರೆ ಎದ್ದು ನಿಲ್ಲಬಹುದು, ಇಲ್ಲವೆಂದರೆ ಜೊತೆಗಾರ ಬಂದು ಎಬ್ಬಿಸಬೇಕು.

"ಬಾರೋ ಬೇಗ, ಸಾಯ್ತಾ ಇದೀನಿ!"

"ಒಂದ್ನಿಮಿಷ ಇರಣ್ಣ, ಇಲ್ಲಿ ನೇರಳೆ ಬಿದ್ದಿದೆ."

ಸತ್ತೆ. ಸತ್ತರೆ ಅಲ್ಲಲ್ಲಿ ನಿಲ್ಲಿಸಿರುವ ಕಂಬಗಳಲ್ಲಿ ಒಂದು ಯಂತ್ರ ನಮ್ಮ ದುಡ್ಡಿನಲ್ಲಿ ಸ್ವಲ್ಪ ಕಿತ್ತುಕೊಂಡು ಹೊಸ ಮೈ ಕೊಟ್ಟು ಎಬ್ಬಿಸುತ್ತದೆ. ಆ ಯಂತ್ರ ಯಾರದ್ದು ಅಂದುಕೊಂಡಿರಿ? ಹೈಪೀರಿಯನ್ ಕಂಪನಿಯದ್ದೇ. ನಮ್ಮನ್ನು ಕೊಲ್ಲಲು ಹಗಲೂ ರಾತ್ರಿ ಒದ್ದಾಡುವ ಜ್ಯಾಕ್, ನಾವು ಸತ್ತರೆ ಬದುಕಿಸುವ ವ್ಯಾಪಾರವನ್ನೂ ಇಟ್ಟುಕೊಂಡಿದ್ದಾನೆ. ಎರಡೂ ಕಡೆ ಲಾಭ. ಗೇಮಿನಲ್ಲಿ ನನಗೆ ತುಂಬಾ ಹಿಡಿಸಿದ ತಮಾಷೆ ಇದು.

ಪಂಡೋರಾದ ಆಕಾಶ ನೋಡಲೇಬೇಕು. ದೊಡ್ಡ ಚಂದ್ರ, ಅದರ ಮುಂದೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಹೈಪೀರಿಯನ್‌ನ ಬಾಹ್ಯಾಕಾಶ ನಿಲ್ದಾಣ. ಎಲ್ಲಿ ಹೋದರೂ ಕಂಪನಿಯ ಬೋರ್ಡು ತಲೆಯ ಮೇಲೇ ನೇತಾಡುತ್ತಿರುತ್ತದೆ. ನೆಲದ ಮೇಲೆ ಎಲ್ಲವೂ ಪೆನ್ನಿನಲ್ಲಿ ಗೆರೆ ಎಳೆದು ಬಣ್ಣ ತುಂಬಿದ ಕಾಮಿಕ್ಸ್ ಪುಟದ ಹಾಗೆ. ಬಂಡೆಗೂ ಮುಖಕ್ಕೂ ಕಪ್ಪು ಅಂಚು. ಅದಕ್ಕೇ ಇಷ್ಟು ವರ್ಷವಾದರೂ ಹಳೆಯದು ಅನ್ನಿಸುವುದಿಲ್ಲ.

ಹಿಮ ದಾಟಿದರೆ ಸ್ಯಾಂಕ್ಚುರಿ ಅನ್ನೋ ಊರು. ಮಾರ್ಕಸ್‌ನ ಗನ್ ಅಂಗಡಿ, ಸ್ಕೂಟರ್ ಅನ್ನೋನ ಗ್ಯಾರೇಜು, ಮಾಕ್ಸಿಯ ಬಾರು. ಮಾಕ್ಸಿಗೆ ಟಿಪ್ಸ್ ಹಾಕುತ್ತಾ ಹೋದರೆ ಒಂದು ಗನ್ನನ್ನೇ ಉಡುಗೊರೆ ಕೊಡುತ್ತಾಳೆ. ನಾವು ಗುಂಡಿಗೂ ದುಡ್ಡಿಲ್ಲದಷ್ಟು ಟಿಪ್ಸ್ ಹಾಕಿದೆವು. ಎರಿಡಿಯಂ ಅನ್ನೋ ನೇರಳೆ ಖನಿಜ ಕೊಟ್ಟರೆ ಕಳ್ಳಸಂತೆಯವನು ಬ್ಯಾಗಿಗೆ ಮೂರು ಮೂರು ಖಾನೆ ಹೆಚ್ಚಿಸಿಕೊಡುತ್ತಾನೆ. ನಾನು ಮೊದಲು ಮಾಡಿಸಿದ್ದು ಅದೇ.

ಈ ಊರಿನಲ್ಲಿ ನಮಗೆ ಆದದ್ದು ಯಾವ ಪ್ರವಾಸಿಗೂ ಆಗಿರಲಿಕ್ಕಿಲ್ಲ. ಬಸ್ಸು ಪ್ರಯಾಣಿಕನನ್ನು ಬಿಟ್ಟು ಹೋಗುವುದುಂಟು. ಇಲ್ಲಿ ಊರೇ ಹೊರಟುಹೋಯಿತು. ಸ್ಯಾಂಕ್ಚುರಿ ಮೊದಲು ಡಾಲ್ ಕಂಪನಿಯ ಗಣಿಗಾರಿಕೆ ಹಡಗಾಗಿತ್ತಂತೆ. ಜ್ಯಾಕ್ ಮೇಲಿಂದ ಬಾಂಬು ಹಾಕಲು ಶುರು ಮಾಡಿದಾಗ, ನಮ್ಮ ಕಡೆಯ ಲಿಲಿತ್ ಅನ್ನೋ ಅತಿಮಾನುಷ ಶಕ್ತಿಯ ಹೆಂಗಸು ತನ್ನ ಶಕ್ತಿಯನ್ನೆಲ್ಲ ಹಾಕಿ ಊರನ್ನು ಆಕಾಶಕ್ಕೆ ಎಬ್ಬಿಸಿದಳು. ಅಂಗಡಿ, ಗ್ಯಾರೇಜು, ಬಾರು, ನಾನು ಗನ್ನು ಇಟ್ಟಿದ್ದ ಬ್ಯಾಂಕು ಎಲ್ಲ ಮಾಯ. ನಾವಿಬ್ಬರು ಮಾತ್ರ ಕೆಳಗೆ ಹಿಮದಲ್ಲಿ. ಊರು ಇದ್ದ ಕಡೆ ದೊಡ್ಡ ಗುಂಡಿ. ಮತ್ತೆ ಊರು ಸೇರಲು ಫ್ರಿಜ್ ಅನ್ನೋ ಮಂಜುಗಡ್ಡೆಯ ಗುಹೆ ದಾಟಿ, ಹೈಲ್ಯಾಂಡ್ಸ್‌ನ ಹಸಿರು ಗುಡ್ಡ ಹತ್ತಿ ಅಲೆಯಬೇಕಾಯಿತು. ಬ್ಯಾಗು ತುಂಬಿತ್ತು, ದಾರಿಯಲ್ಲಿ ಒಳ್ಳೊಳ್ಳೆ ಗನ್ನುಗಳನ್ನು ಬಿಟ್ಟು ಬಂದೆ. ತಮ್ಮ ಅವನ್ನೂ ಎತ್ತಿಕೊಂಡ.

ಗನ್ನಿನ ವಿಷಯ ಸ್ವಲ್ಪ ಹೇಳಬೇಕು. ಇವು ಒಂದೊಂದಾಗಿ ಕೂತು ಬರೆದ ಗನ್ನುಗಳಲ್ಲ. ನಳಿಕೆ, ಹಿಡಿ, ಕುಂದ, ದುರ್ಬೀನು ಹೀಗೆ ಬಿಡಿ ಭಾಗಗಳನ್ನು ಗೇಮು ಆ ಕ್ಷಣದಲ್ಲಿ ಕಲಸಿ ಜೋಡಿಸುತ್ತದೆ. ಆದರೂ ಒಂದೊಂದು ಕಂಪನಿಗೆ ಒಂದೊಂದು ಗುಣ. ಜೇಕಬ್ಸ್‌ನದು ಹಳೇ ಜಮೀನ್ದಾರರ ಮನೆ ಗನ್ನಿನ ಹಾಗೆ ಮರದ್ದು. ಎಷ್ಟು ಬೇಗ ಬೆರಳು ಒತ್ತುತ್ತೀರೋ ಅಷ್ಟು ಬೇಗ ಗುಂಡು. ಹೈಪೀರಿಯನ್ ಗನ್ನು ಹೊಡೆಯುತ್ತಾ ಹೋದಷ್ಟೂ ಗುರಿ ಬಿಗಿಯಾಗುತ್ತದೆ. ಮಾಲಿವಾನ್‌ನಲ್ಲಿ ಬೆಂಕಿ, ಕರೆಂಟು, ಆಸಿಡ್ಡು. ಮೈಗೆ ಬೆಂಕಿ, ಶೀಲ್ಡಿಗೆ ಕರೆಂಟು, ರೋಬೋಟಿನ ಕವಚಕ್ಕೆ ಆಸಿಡ್ಡು ಅಂತ ಲೆಕ್ಕ. ನನಗೆ ಇಷ್ಟ ಟೀಡಿಯೋರ್. ಗುಂಡು ಮುಗಿದರೆ ತುಂಬುವ ತಲೆನೋವೇ ಇಲ್ಲ, ಗನ್ನನ್ನೇ ಬೀಸಿ ಎಸೆಯುವುದು. ಅದು ಗ್ರೆನೇಡಿನ ಹಾಗೆ ಸಿಡಿಯುತ್ತದೆ, ಕೈಯಲ್ಲಿ ಹೊಸದೊಂದು ಬಂದು ಕೂರುತ್ತದೆ. ಬಾಳೆಎಲೆ ಊಟದ ಹಾಗೆ, ತೊಳೆಯೋ ಕೆಲಸ ಇಲ್ಲ.

ಕಷ್ಟ ಏನೆಂದರೆ ಎಷ್ಟೇ ಒಳ್ಳೆ ಗನ್ನಿಗೂ ಒಂದು ಲೆವೆಲ್ ಬರೆದಿರುತ್ತದೆ, ನಾವೂ ಶತ್ರುಗಳೂ ಬೆಳೆದರೂ ಅದು ಬೆಳೆಯುವುದಿಲ್ಲ. ಡಾಕ್ ಮರ್ಸಿ ಅನ್ನೋ ಹುಚ್ಚು ಡಾಕ್ಟರನ ಹತ್ತಿರ ಇನ್ಫಿನಿಟಿ ಅನ್ನೋ ಪಿಸ್ತೂಲು ಇದೆ. ಅದಕ್ಕೆ ಗುಂಡೇ ಖರ್ಚಾಗುವುದಿಲ್ಲ. ಆದರೆ ಅವನನ್ನು ಕೊಂದಾಗಲೆಲ್ಲ ಅದು ಬೀಳುವುದಿಲ್ಲ. ಕೊಲ್ಲು, ಗೇಮಿನಿಂದ ಹೊರಗೆ ಬಾ, ಮತ್ತೆ ಒಳಗೆ ಹೋಗು, ಮತ್ತೆ ಕೊಲ್ಲು. ಆಡುವವರು ಇದಕ್ಕೆ ಫಾರ್ಮಿಂಗ್ ಅನ್ನುತ್ತಾರೆ. ಎರಡು ರಾತ್ರಿ ಉಳುಮೆ ಮಾಡಿದೆವು. ಆ ಕಡೆಯಿಂದ ಚಿಕ್ಕಮ್ಮ "ಮಲಗ್ರೋ, ನಾಲ್ಕು ಗಂಟೆ ಆಯ್ತು" ಅಂತ ಕೂಗುವುದು ನನ್ನ ಹೆಡ್‌ಸೆಟ್ಟಿಗೂ ಕೇಳುತ್ತಿತ್ತು. ಕೊನೆಗೆ ಕಿತ್ತಳೆ ಕಂಬ ಎದ್ದಿತು. ನನಗೇ ಸಿಕ್ಕಿತು. ಹತ್ತು ಲೆವೆಲ್ ದಾಟುವಷ್ಟರಲ್ಲಿ ಅದರ ಏಟು ಸೊಳ್ಳೆ ಕಡಿತದಂತಾಗಿತ್ತು.

ಅದೇ ಹೊತ್ತಿಗೆ ತಮ್ಮ, "ಅಣ್ಣ, ನಿಂಗೇ ಅಂತ ಒಂದು ಎತ್ತಿಟ್ಟಿದೀನಿ" ಅಂತ ಒಂದು ಗನ್ನು ಕೊಟ್ಟ. ಹೆಸರು ಬೇನ್. ಗುಂಡು ಹಾರಿಸಿದಾಗಲೆಲ್ಲ ಅದು ಕೀರಲು ಗಂಟಲಲ್ಲಿ ಅರಚುತ್ತದೆ, ಕೈಯಲ್ಲಿ ಹಿಡಿದರೆ ಕಾಲೇ ಏಳುವುದಿಲ್ಲ. ಅವನು ನಕ್ಕಿದ್ದು ಎಷ್ಟೆಂದರೆ ಚಿಕ್ಕಮ್ಮ ಎದ್ದು ಬಂದರು.

ಮೂಲ ಕಥೆ ಮುಗಿಸಿ ವಿಸ್ತರಣೆಗಳಿಗೆ, ಅಂದರೆ ಗೇಮು ಬಂದ ಮೇಲೆ ಸೇರಿಸಿದ ಹೊಸ ಕಥೆಗಳಿಗೆ ಹೊರಟೆವು. ದೊಡ್ಡವು ನಾಲ್ಕು, 2012ರ ಅಕ್ಟೋಬರಿನಿಂದ 2013ರ ಜೂನ್ ಒಳಗೆ ಬಂದವು. ಮೊದಲನೆಯದು ಕ್ಯಾಪ್ಟನ್ ಸ್ಕಾರ್ಲೆಟ್‌ಳದು. ಸಮುದ್ರ ಬತ್ತಿ ಮರಳಾಗಿರುವ ನಾಡು, ಮರಳಿನ ಮೇಲೆ ತೇಲುವ ದೋಣಿ. ಸ್ಕಾರ್ಲೆಟ್ ಮೊದಲೇ ಹೇಳಿಬಿಡುತ್ತಾಳೆ, ಕೊನೆಯಲ್ಲಿ ನಿಮಗೆ ಮೋಸ ಮಾಡುತ್ತೇನೆ ಅಂತ. ಹಾಗೇ ಮಾಡುತ್ತಾಳೆ. ಆದರೆ ನನಗೆ ನೆನಪಿರುವುದು ಒಯಾಸಿಸ್ ಅನ್ನೋ ಊರು. ನೀರಿಲ್ಲದೆ ಊರಿಗೆ ಊರೇ ಸತ್ತಿದೆ, ಉಳಿದವನು ಶೇಡ್ ಒಬ್ಬನೇ. ಹೆಣಗಳನ್ನು ಅವರವರ ಜಾಗದಲ್ಲಿ ನಿಲ್ಲಿಸಿ, ಅವರ ಮಾತನ್ನೂ ತಾನೇ ಆಡುತ್ತಾ, ಬನ್ನಿ ಬನ್ನಿ ಅಂತ ಉಪಚಾರ ಮಾಡುತ್ತಾನೆ. ನಗು ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಎರಡನೆಯದು ಮಿಸ್ಟರ್ ಟಾರ್ಗ್‌ನದು. ಅಖಾಡ, ಸ್ಫೋಟ, ಕಿರುಚಾಟ. ಜಾಸ್ತಿ ಹೇಳುವಂಥದ್ದಿಲ್ಲ, ಅಜ್ಜಿ ಒಬ್ಬಳನ್ನು ಬಿಟ್ಟರೆ. ಅಷ್ಟು ಗಲಾಟೆಯ ನಡುವೆ ಒಂದು ಕೆಲಸ ಕೊಡುತ್ತಾರೆ: ಅಜ್ಜಿಯ ಮುಂದೆ ನಿಂತು ಅವಳ ಕಥೆ ಕೇಳಬೇಕು. ಅದು ಮುಗಿಯುವುದೇ ಇಲ್ಲ. ತಮ್ಮ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಕಾಫಿ ಕುಡಿದು ಬಂದ.

ಮೂರನೆಯದು ಹ್ಯಾಮರ್‌ಲಾಕ್ ಸಾಹೇಬರ ಶಿಕಾರಿ. ಇದು ನನಗೆ ಸೇರಲಿಲ್ಲ. ಶಿಕಾರಿ ಟೋಪಿಯಂಥದ್ದು ತೊಟ್ಟ ದೊರೆ, ಜೌಗು ಕಾಡು, ಎಲುಬು ಕಟ್ಟಿಕೊಂಡು ಮುಖವಾಡ ಹಾಕಿ ಕುಣಿಯುವ ಕಾಡುಜನ, ಮಂತ್ರವಾದಿಗಳು. ದೊರೆಗಳ ಬೇಟೆಯ ಕಥೆಗಳನ್ನು ಗೇಲಿ ಮಾಡಲು ಹೊರಟವರು ಕೊನೆಗೆ ಅದನ್ನೇ ಮಾಡಿದ್ದಾರೆ. ಒಂದೇ ಸಮಾಧಾನ, ಕೊನೆಯ ಖಳನಾಯಕ ಪ್ರೊಫೆಸರ್ ನಾಕಯಾಮಾ. ಅಷ್ಟೆಲ್ಲ ಆರ್ಭಟ ಮಾಡಿ, ಎದುರಿಗೆ ಬಂದವನು ಮೆಟ್ಟಿಲಿನಿಂದ ಉರುಳಿ ಬಿದ್ದು ಸಾಯುತ್ತಾನೆ. ನಾವು ಒಂದು ಗುಂಡೂ ಹಾರಿಸಿರಲಿಲ್ಲ.

ನಾಲ್ಕನೆಯದಕ್ಕೇ ಇಷ್ಟು ದೂರ ಬಂದಿದ್ದು ಅನ್ನಬೇಕು. ಮೂಲ ಕಥೆಯಲ್ಲಿ ಸ್ಯಾಂಕ್ಚುರಿಯ ಪಡೆಯ ನಾಯಕ ರೋಲಂಡ್ ಸಾಯುತ್ತಾನೆ. ಜ್ಯಾಕ್ ಹಿಂದಿನಿಂದ ಹೊಡೆಯುತ್ತಾನೆ, ಅಳುವುದಕ್ಕೂ ಪುರುಸೊತ್ತು ಕೊಡದೆ ಕಥೆ ಮುಂದಕ್ಕೆ ಓಡುತ್ತದೆ. ಟೈನಿ ಟೀನಾ ಅನ್ನೋ ಹದಿಮೂರು ವರ್ಷದ ಹುಡುಗಿಗೆ ರೋಲಂಡ್ ಅಂದರೆ ಅಣ್ಣನಿಗಿಂತ ಹೆಚ್ಚು. ಈ ವಿಸ್ತರಣೆಯಲ್ಲಿ ಟೀನಾ ಸ್ನೇಹಿತರನ್ನು ಮೇಜಿನ ಸುತ್ತ ಕೂರಿಸಿಕೊಂಡು ದಾಳ ಹಾಕಿ ಆಡುವ ಕಥೆ ಕಟ್ಟುತ್ತಾಳೆ. ನಾವು ಓಡಾಡುವುದು ಅವಳು ಹೇಳುವ ಆ ಕಥೆಯೊಳಗೆ. ಮೊದಲ ಏಟಿಗೇ ಗೆಲ್ಲಲಾಗದ ಡ್ರ್ಯಾಗನ್ ತಂದು ನಿಲ್ಲಿಸಿದಳು, ನಾವು ಸತ್ತೆವು. ಲಿಲಿತ್ ಗದರಿದ್ದಕ್ಕೆ ಡ್ರ್ಯಾಗನ್ ತೆಗೆದು ಬೇರೆಯವನನ್ನು ಇಟ್ಟಳು. ಪೆಟ್ಟಿಗೆ ತೆರೆಯಲು ಇಪ್ಪತ್ತು ಮುಖದ ದಾಳ ಉರುಳಿಸಬೇಕು, ದೊಡ್ಡ ಸಂಖ್ಯೆ ಬಿದ್ದರೆ ಒಳ್ಳೆ ಗನ್ನು. ಕೆಲವು ಪೆಟ್ಟಿಗೆಗಳಂತೂ ಹಲ್ಲು ಬಿಟ್ಟುಕೊಂಡು ನಮ್ಮ ಮೇಲೇ ಎಗರುತ್ತವೆ. ಮೂಲ ಕಥೆಯಲ್ಲಿ ಜ್ಯಾಕ್ ಕೊಚ್ಚಿಕೊಳ್ಳುತ್ತಿದ್ದ ವಜ್ರದ ಕುದುರೆ ಇಲ್ಲಿ ರಾಣಿ.

ಇಷ್ಟೆಲ್ಲದರ ನಡುವೆ ಟೀನಾ ಆಗಾಗ ಕೇಳುತ್ತಾಳೆ, ರೋಲಂಡ್ ಯಾಕಿನ್ನೂ ಬಂದಿಲ್ಲ? ಮೇಜಿನ ಸುತ್ತ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಥೆಯಲ್ಲಿ ಅವನನ್ನು ಬಿಳಿ ಕವಚದ ವೀರನಾಗಿ ತಂದಿರುತ್ತಾಳೆ. ಅಲ್ಲಿ ಅವನು ಚೆನ್ನಾಗಿಯೇ ಇದ್ದಾನೆ. ಗೊತ್ತಿಲ್ಲದೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದೆವು. ಕೊನೆಗೆ ನೋಡಿದರೆ ಎಲ್ಲ ಗೊತ್ತಿತ್ತು. ಆವತ್ತು ನೇರಳೆ ಬಿದ್ದರೂ ತಮ್ಮ ಎತ್ತಿಕೊಳ್ಳಲಿಲ್ಲ. ಆ ವರ್ಷ ನಮ್ಮ ಮನೆಗಳಲ್ಲೂ ಮಣ್ಣಿಗೆ ಹೋಗಲಾಗದವರು ಇದ್ದರು. ನಾವು ಅದನ್ನು ಮಾತಾಡಲಿಲ್ಲ.

2019ರಲ್ಲಿ ಮೂರನೇ ಗೇಮು ಬರುವ ಮುಂಚೆ ಲಿಲಿತ್‌ಳದೊಂದು ವಿಸ್ತರಣೆ ಬಂದಿತ್ತು. ಅದನ್ನು ಆಮೇಲೆ ಆಡಿದೆವು. ಚೆನ್ನಾಗಿದೆ, ಅಷ್ಟೇ.

ವಾಪಸ್ ಹೊರಡುವ ಮುಂಚೆ ಸ್ಯಾಂಕ್ಚುರಿಗೆ ಒಂದು ಸುತ್ತು ಹಾಕಿದೆ. ಅಲ್ಲಿ ಒಬ್ಬ ಮನುಷ್ಯ ಒಮ್ಮೊಮ್ಮೆ ಮಾತ್ರ ಕಾಣಿಸುತ್ತಾನೆ. ಒಂದು ದಿನ ಒಂದು ಮೂಲೆ, ಇನ್ನೊಂದು ದಿನ ಇನ್ನೊಂದು. ಮಾತಾಡಿಸಿದರೆ ಒಂದು ಒಳ್ಳೆ ಸಾಮಾನು ಕೊಡುತ್ತಾನೆ, ಬದಲಿಗೆ ಏನೂ ಕೇಳುವುದಿಲ್ಲ. ಮೊದಲ ಬಾರ್ಡರ್‌ಲ್ಯಾಂಡ್ಸ್ ಅನ್ನು ತುಂಬಾ ಹಚ್ಚಿಕೊಂಡಿದ್ದ ಹುಡುಗನೊಬ್ಬ 2011ರಲ್ಲಿ ತೀರಿಕೊಂಡ. ಅವನ ಗೆಳೆಯ ಕಂಪನಿಗೆ ಬರೆದ, ಅವರು ಅವನನ್ನು ಅವನ ಹೆಸರಿನಲ್ಲೇ ಈ ಊರಿನಲ್ಲಿ ಇರಿಸಿದರು. ಇದು ನನಗೆ ಆಮೇಲೆ ಗೊತ್ತಾಗಿದ್ದು. ಅಷ್ಟು ದಿನ ಅವನ ಹತ್ತಿರ ಈಸಿಕೊಂಡಿದ್ದನ್ನೆಲ್ಲ ಎದುರಿನ ಯಂತ್ರಕ್ಕೆ ಹಾಕಿ ಮಾರಿದ್ದೆ.

ಆವತ್ತು ಅವನು ಬಾರಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಒಂದು ನೀಲಿ ಶಾಟ್‌ಗನ್ ಕೊಟ್ಟ. ಅದಕ್ಕಿಂತ ಒಳ್ಳೆಯವು ನನ್ನ ಹತ್ತಿರ ನಾಲ್ಕಿದ್ದವು, ಬ್ಯಾಗಿನಲ್ಲಿ ಒಂದು ಖಾನೆಯೂ ಖಾಲಿ ಇರಲಿಲ್ಲ. ಇನ್ಫಿನಿಟಿಯನ್ನು ತೆಗೆದು ರಸ್ತೆಯಲ್ಲಿಟ್ಟೆ.

"ಅಣ್ಣ, ಇದನ್ನ ಬಿಟ್ಟೆಯಲ್ಲ?" ಅಂದ ತಮ್ಮ.

"ಬೇಕಿದ್ರೆ ಎತ್ಕೊಳೋ."

ಎತ್ತಿಕೊಂಡ.