ಭ್ರೂಣಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ

ನಮ್ಮ ಕೋಲಾರದ ಕಡೆ ಬಿ.ಜಿ.ಎಲ್. ಸ್ವಾಮಿಯವರನ್ನು ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ಮಗನೆಂದೋ, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಬರೆದವರೆಂದೋ ನೆನೆಯುವುದು ರೂಢಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುವ ನನಗೆ ಮಾತ್ರ ಅವರು ಮೊದಲು ಬೀಜದೊಳಗಿನ ಭ್ರೂಣ ಬೆಳೆಯುವ ಬಗೆಯನ್ನು ಅಭ್ಯಸಿಸುವ ಭ್ರೂಣಶಾಸ್ತ್ರಜ್ಞರು, ಆಮೇಲೆ ಸಾಹಿತಿ; ಈ ಕ್ರಮ ಮರೆತರೆ ಅವರ ಗದ್ಯದ ಗುಟ್ಟು ಕೈಗೆ ಸಿಗುವುದಿಲ್ಲ.

1940ರ ದಶಕದಲ್ಲಿ ಅವರು ಹಿಡಿದ ವಿಷಯ ಆರ್ಕಿಡ್‌ಗಳ ಭ್ರೂಣ ಬೆಳವಣಿಗೆ. ಬಹುಪಾಲು ಗಿಡಗಳಲ್ಲಿ ಹೂ ಅರಳುವ ಹೊತ್ತಿಗೆ ಮುಂದೆ ಬೀಜವಾಗುವ ಅಂಡಕಗಳು ಸಿದ್ಧವಾಗಿರುತ್ತವೆ. ಅನೇಕ ಆರ್ಕಿಡ್‌ಗಳಲ್ಲಿ ಪರಾಗಸ್ಪರ್ಶವಾದ ಮೇಲಷ್ಟೇ ಅವು ಪೂರ್ಣವಾಗಿ ರೂಪುಗೊಳ್ಳುತ್ತವೆ. ಬೀಜವೋ ಧೂಳಿನಷ್ಟು ಸಣ್ಣದು, ಭ್ರೂಣಕ್ಕೆ ಆಹಾರವಾಗುವ ಎಂಡೋಸ್ಪರ್ಮ್ ಅದರೊಳಗೆ ಉಳಿಯುವುದಿಲ್ಲ, ಕಾಡಿನಲ್ಲಿ ಶಿಲೀಂಧ್ರದ ನೆರವಿಲ್ಲದೆ ಮೊಳೆಯುವುದೂ ಇಲ್ಲ. ಇಂಥದ್ದನ್ನು ಅಭ್ಯಸಿಸಲು ಬೇರೆಬೇರೆ ವಯಸ್ಸಿನ ಅಂಡಾಶಯಗಳನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮಿನಿಂದ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸ್ಲೈಡುಗಳನ್ನು ಸಾಲಾಗಿ ಓದಬೇಕು. ಒಂದೇ ಸ್ಲೈಡ್ ಏನನ್ನೂ ಹೇಳದು. ಇಡೀ ಸಾಲನ್ನು ನೋಡಿ, ಭ್ರೂಣದ ಆಕಾರವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು.

ಮುಂದೆ ಹಾರ್ವರ್ಡ್‌ನಲ್ಲಿ ಸಸ್ಯಶಾಸ್ತ್ರಜ್ಞ ಅರ್ವಿಂಗ್ ಬೈಲಿಯವರೊಡನೆ ಕೆಲಸ ಮಾಡಿದರು. ಸಾರ್ಕಾಂಡ್ರ ಎಂಬ ಕುಲದ ಗಿಡಗಳಲ್ಲಿ ನೀರು ಸಾಗಿಸುವ ವೆಸೆಲ್ ಎಂಬ ಕೊಳವೆಗಳಿಲ್ಲವೆಂದು ಇಬ್ಬರೂ 1950ರಲ್ಲಿ ಬರೆದರು. ಅವು ಇವೆಯೆಂದು ಬಹಳ ವರ್ಷಗಳ ನಂತರ ಗೊತ್ತಾಯಿತು; ಆದರೆ ಮಧ್ಯಕ್ಕೆ ಮಡಿಚಿದ ಎಲೆಯಂತಹ ಕಾರ್ಪೆಲ್ (ಅಂಡಕಗಳನ್ನು ಹೊತ್ತ, ಹೂವಿನ ಹೆಣ್ಣುಭಾಗ) ಕುರಿತು 1951ರಲ್ಲಿ ಅವರು ಪ್ರಕಟಿಸಿದ ಲೇಖನವನ್ನು ಹೂವಿನ ವಿಕಾಸ ಚರ್ಚಿಸುವವರು ಈಗಲೂ ಉಲ್ಲೇಖಿಸುತ್ತಾರೆ. ಸಾರ್ಕಾಂಡ್ರ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟರು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಅವರು ಕೆ.ವಿ. ಕೃಷ್ಣಮೂರ್ತಿಯವರ ಜೊತೆ ಬರೆದ ಇಂಗ್ಲಿಷ್ ಪಠ್ಯಪುಸ್ತಕ ‘ಫ್ರಮ್ ಫ್ಲವರ್ ಟು ಫ್ರೂಟ್’ 1980ರಲ್ಲಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು. ಪಠ್ಯದ ಚಿತ್ರಕ್ಕೂ ಕಣ್ಣೆದುರಿನ ವಸ್ತುವಿಗೂ ಎಷ್ಟು ದೂರವೆಂಬುದು ನಮ್ಮ ಪ್ರಾಕ್ಟಿಕಲ್ ತರಗತಿಯಲ್ಲಿ ಗೊತ್ತಾಗುತ್ತದೆ. ಎಳೆಯ ಗೋರಿಕಾಯಿಯ ಬೀಜವನ್ನು ಸೂಜಿಯಿಂದ ಮೆಲ್ಲನೆ ಒತ್ತಿದರೆ ಭ್ರೂಣ ನೀರಿನ ಹನಿಯೊಳಕ್ಕೆ ಜಾರುತ್ತದೆ. ಸೌತೆಯ ಎಳೆಬೀಜದಿಂದ ಎಂಡೋಸ್ಪರ್ಮ್ ಎಳೆದರೆ ಉದ್ದನೆಯ ಬಾಲವೂ ಬರಬೇಕು, ಆದರೆ ಅವಸರ ಮಾಡಿದವರ ಬಾಲ ತುಂಡಾಗುತ್ತದೆ. ಮಾರ್ಕ್ಸಿಗಾಗಿ ಚಿತ್ರ ಉರುಹೊಡೆದ ವಿದ್ಯಾರ್ಥಿ ಇಲ್ಲಿ ಕಕ್ಕಾಬಿಕ್ಕಿ.

ತಾನೇ ಕೊಯ್ದು, ತಾನೇ ನೋಡಿ, ತಾನೇ ಬರೆಯುವ ಈ ಅಭ್ಯಾಸವೇ ‘ಹಸುರು ಹೊನ್ನು’ವಿಗೂ ಬಂದಿದೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟ ಸುತ್ತುವ ಮೇಷ್ಟ್ರು ಗಿಡದ ಹೆಸರು ಹೇಳಿ ಮುಂದೆ ಹೋಗುವವರಲ್ಲ. ಎಲೆ, ಹೂ, ಊರವರ ಬಳಕೆ ಎಲ್ಲವನ್ನೂ ಬಿಡಿಸಿ, ಚಿತ್ರವನ್ನೂ ತಾವೇ ಬರೆಯುತ್ತಾರೆ. ಕಾಲೇಜು ವ್ಯವಸ್ಥೆಯನ್ನು ಲೇವಡಿ ಮಾಡುವ ಅವರ ಪುಸ್ತಕಗಳು ನನಗೆ ಅಷ್ಟು ಹಿಡಿಸಿಲ್ಲ, ಅಲ್ಲಿ ಕಹಿ ಹೆಚ್ಚು. (ಸ್ವತಃ ಮೇಷ್ಟ್ರಾಗಿರುವುದೂ ಇದಕ್ಕೆ ಕಾರಣವಿರಬಹುದು.)

ನಮ್ಮ ಜಿಲ್ಲೆಯವರು ಓದಲೇಬೇಕಾದದ್ದು ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ವಡ್ಡಹಳ್ಳಿಯ ಮಂಡಿಯಲ್ಲಿ ಕ್ರೇಟುಗಟ್ಟಲೆ ಹರಾಜಾಗುವ ಟೊಮೆಟೊದ ಕಾಡು ಬಂಧುಗಳು ಇಂದಿಗೂ ಆ ಖಂಡದ ಪಶ್ಚಿಮ ಅಂಚಿನಲ್ಲಿ ಬೆಳೆಯುತ್ತವೆ. ಆಲೂಗಡ್ಡೆ, ನೆಲಗಡಲೆಗಳ ತವರೂ ಆ ಖಂಡವೇ. ಇವನ್ನು ಬೆಳೆಯುವ ಮನೆಗಳಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ಭ್ರೂಣಶಾಸ್ತ್ರಕ್ಕೆ ಮೊದಲು ಈ ಪುಸ್ತಕವನ್ನೇ ಕೊಡುತ್ತೇನೆ.