ರಾಮಪತ್ರೆ ಜಡ್ಡಿಯಲ್ಲಿ ಜಾಣ ಮಕ್ಕಳಿಗೊಂದು ಲೆಕ್ಕ

ಪ್ರತಿಭಾವಂತ ಮಕ್ಕಳಿಗೆ ಹವಾಮಾನ ಬದಲಾವಣೆಯ ಪಾಠ ಹೇಳುವಾಗ ಎದುರಾಗುವ ತೊಡಕು ಅವರಿಗೆ ವಿಷಯ ತಿಳಿಯದಿರುವುದಲ್ಲ, ಉತ್ತರ ಬಹುಬೇಗ ಸಿಕ್ಕಿಬಿಡುವುದು. ಹಸಿರುಮನೆ ಅನಿಲಗಳ ಹೆಸರುಗಳು ಅವರಿಗೆ ಬಾಯಿಪಾಠ. ಪರಿಹಾರವೇನೆಂದು ಕೇಳಿದರೆ ‘ಗಿಡ ನೆಡಬೇಕು’ ಎಂಬ ಮಾತೂ ಸಿದ್ಧ. ಇಂಥ ಮಕ್ಕಳಿಗೆ ಉತ್ತರ ಸುಲಭವಾಗಿ ಕೈಗೆ ಸಿಗದ ಜಾಗ ಬೇಕು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನಲ್ಲಿ ರಾಮಪತ್ರೆ ಜಡ್ಡಿ, ಎಂದರೆ ಜಾಯಿಕಾಯಿ ಬಳಗದ ಮರಗಳ ಜೌಗು ಕಾಡು, ಇರುವ ಕತ್ತಲೆಕಾನು ನನ್ನ ದೃಷ್ಟಿಯಲ್ಲಿ ಅಂಥದ್ದು.

ಮೊದಲು ಅಲ್ಲಿಯ ಒಂದು ಮರದ ಅಳತೆಯಾಗಲಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆದು, ಮರದ ಎತ್ತರವನ್ನೂ ಕಟ್ಟಿಗೆಯ ಸಾಂದ್ರತೆಯನ್ನೂ ಸೇರಿಸಿ ಒಣತೂಕವನ್ನು ಅಂದಾಜು ಮಾಡಬಹುದು. ಅದು 2 ಟನ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು ಅರ್ಧದಷ್ಟು ಇಂಗಾಲ; ಆ 1 ಟನ್ ಇಂಗಾಲವನ್ನು 44/12ರಿಂದ (ಇಂಗಾಲದ ಡೈಆಕ್ಸೈಡ್ ಅಣುವಿನ ತೂಕ 44, ಅದರಲ್ಲಿ ಇಂಗಾಲದ ಪಾಲು 12) ಗುಣಿಸಿದರೆ, ಮರ ಗಾಳಿಯಿಂದ ಹೀರಿಟ್ಟುಕೊಂಡ ಇಂಗಾಲದ ಡೈಆಕ್ಸೈಡ್ ಸುಮಾರು 3.67 ಟನ್ ಎಂದಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೊರಬೀಳುವುದು ಸುಮಾರು 2.3 ಕಿಲೋ. ಎಂದರೆ ಹಲವು ದಶಕ ನಿಂತು ಬೆಳೆದ ಒಂದು ಹೆಮ್ಮರದ ದುಡಿಮೆ ಸುಮಾರು 1,600 ಲೀಟರ್ ಪೆಟ್ರೋಲಿಗೆ, ಲೀಟರಿಗೆ 15 ಕಿ.ಮೀ. ಓಡುವ ಕಾರಿನ 24,000 ಕಿ.ಮೀ. ಪ್ರಯಾಣಕ್ಕೆ ಸಮ. ಈ ಲೆಕ್ಕವನ್ನು ಶಿಕ್ಷಕರು ಹೇಳಿಕೊಡಬಾರದು, ಮಕ್ಕಳೇ ಮಾಡಬೇಕು. ಗಿಡ ನೆಟ್ಟರಾಯಿತೆಂಬ ನಂಬಿಕೆ ಆಗ ತಾನಾಗಿ ಸಡಿಲವಾಗುತ್ತದೆ.

ಇಂಗಾಲದ ಲೆಕ್ಕಕ್ಕೇ ನಿಲ್ಲುವುದಾದರೆ ಅಕೇಶಿಯಾ ನೆಡುತೋಪು ಸಾಕಲ್ಲವೇ ಎಂದು ಚುರುಕು ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ, ಕೇಳಲೂಬೇಕು. ಆಗ ಜಡ್ಡಿಯ ಕಡೆಗೆ ಕೈತೋರಿಸಬೇಕು. ರಾಮಪತ್ರೆಯ ಕುಟುಂಬದ ಈ ಮರಗಳು ಸದಾ ನೀರು ನಿಂತ ಕೆಸರಿನಲ್ಲಿ ಬೆಳೆಯುತ್ತವೆ. ಗಾಳಿಗಾಗಿ ಬೇರುಗಳು ಮಣ್ಣಿನಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿ ಮತ್ತೆ ಕೆಳಗಿಳಿದಿರುತ್ತವೆ. ಕೆಂಪು ಪತ್ರೆ ಸುತ್ತಿದ ದಪ್ಪ ಬೀಜಗಳನ್ನು ಮಂಗಟ್ಟೆ ಹಕ್ಕಿಗಳು ನುಂಗಿ ದೂರ ಒಯ್ದು ಉಗುಳುತ್ತವೆ. ಬೀಜ ಒಣಗಿದರೆ ಮೊಳೆಯುವ ಶಕ್ತಿಯೇ ಹೋಗುತ್ತದೆ. ಆದ್ದರಿಂದ ಈ ಕಾಡಿಗೆ ನೀರೂ ಬೇಕು, ಹಕ್ಕಿಯೂ ಬೇಕು; ಎರಡನ್ನೂ ಸಸಿಮಡಿಯಿಂದ ತರಲಾಗದು.

ನಿಜವಾದ ಕಷ್ಟದ ಪ್ರಶ್ನೆ ಇಲ್ಲಿಂದಾಚೆಗೆ. ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಸೆಕೆ ಹೆಚ್ಚಿದರೆ ಎಷ್ಟೋ ಜೀವಿಗಳು ಮೇಲಿನ ತಂಪಿಗೆ ಸರಿಯಬಹುದು. ಆದರೆ ಇಲ್ಲಿ ಘಟ್ಟವೇ ತಗ್ಗು, ಜಡ್ಡಿಯಿರುವುದು ಕಣಿವೆಯ ಹಳ್ಳದ ಪಾತಳಿಯಲ್ಲಿ. ಈ ಮರಗಳು ಎಲ್ಲಿಗೆ ಹೋಗಬೇಕು? ಇದಕ್ಕೆ ಮಕ್ಕಳು ತಕ್ಷಣ ಉತ್ತರ ಕೊಡಬೇಕಾಗಿಲ್ಲ. ಬೇಸಿಗೆಯ ಕೊನೆಯಲ್ಲಿ ಹಳ್ಳದಲ್ಲಿ ನೀರು ಎಷ್ಟಿದೆ, ತಾಯಿಮರದಿಂದ ಎಷ್ಟು ದೂರದಲ್ಲಿ ಹೊಸ ಸಸಿಗಳು ಎದ್ದಿವೆ ಎಂಬುದನ್ನು ಅವರು ವರ್ಷವರ್ಷವೂ ಬರೆದಿಟ್ಟು, ಆ ಪುಸ್ತಕವನ್ನು ಮುಂದಿನ ತಂಡದ ಕೈಗೊಪ್ಪಿಸಲಿ.